ಸಂಪಾದಕರ ಉತ್ತರ: ಆ ಹಸಿರು ವೈರು ಎಲ್ಲಿಗೆ ಹೋಯ್ತು?

ಓದುಗರ ಪತ್ರ: ಕಳೆದ ಸಂಚಿಕೆಯ ನಗೆ ಪುಟದಲ್ಲಿ ಎಲೆಕ್ಟ್ರಿಷಿಯನ್ ಹುಡುಗನ ಬಗ್ಗೆ ಬಂದ ಬರಹ ಓದಿದೆ. ಮನೆಯವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ನಾನು ಐಟಿಐನಲ್ಲಿ ಎರಡು ವರ್ಷ ಕಲಿತು, ವೈರ್‌ಮನ್ ಪರ್ಮಿಟ್ ತೆಗೆದುಕೊಂಡು, 22 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಲೇಖಕರಿಗೆ ನಾವೆಲ್ಲ ಟೆಸ್ಟರ್ ಹಿಡಿದ ಕೋಡಂಗಿಗಳ ಹಾಗೆ ಕಾಣುತ್ತೇವೆ. ಇನ್ನು ಮೇಲೆ ಕರೆಂಟ್ ಬಗ್ಗೆ ಜೋಕ್ ಹಾಕಬೇಡಿ. ಹಾಕಲೇಬೇಕು ಅಂದರೆ ಮನೆ ಕಟ್ಟಿಸುವವರ ಬಗ್ಗೆ ಹಾಕಿ.
– ತೀರ್ಥಹಳ್ಳಿ ಕಡೆಯ ಓದುಗರು (ಹೆಸರು ಬೇಡ ಎಂದಿದ್ದಾರೆ)

ನಮಸ್ಕಾರ.

ನಿಮ್ಮ ಪತ್ರ ನಾಲ್ಕು ಪುಟ ಇತ್ತು. ಜಾಗ ಸಾಲದೆ ಮೇಲೆ ಒಂದಿಷ್ಟೇ ಹಾಕಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಆ ನಗೆಬರಹವನ್ನು ಆರಿಸಿದವನು ನಾನೇ. ಹಾಗಾಗಿ ಬೈಗುಳವೂ ನನಗೇ ಬರಲಿ, ಬರೆದವರಿಗೆ ಬೇಡ.

ಆ ಬರಹ ಓದದವರಿಗಾಗಿ ಎರಡು ಮಾತು. ಹೊಸ ಮನೆಯೊಂದಕ್ಕೆ ವೈರಿಂಗ್ ಮಾಡಲು ಒಬ್ಬ ಹುಡುಗ ಬರುತ್ತಾನೆ. ಅವನ ಕೆಲಸ ಮುಗಿದ ಮೇಲೆ ಬಚ್ಚಲ ಲೈಟ್ ಹಾಕಿದರೆ ಬಾಗಿಲ ಬೆಲ್ ಹೊಡೆದುಕೊಳ್ಳುತ್ತದೆ. ಸಾಕೆಟ್ಟಿಗೆ ಟೆಸ್ಟರ್ ಇಟ್ಟರೆ ಎರಡೂ ತೂತಿನಲ್ಲಿ ಉರಿಯುತ್ತದೆ. ‘ನಿಮ್ಮನೆಗೆ ಡಬಲ್ ಕರೆಂಟ್ ಬರ್ತಿದೆ ಸಾರ್, ಬಿಲ್ ಜಾಸ್ತಿ ಬರುತ್ತೆ, ನೋಡ್ಕೊಳ್ಳಿ’ ಎನ್ನುತ್ತಾನೆ ಹುಡುಗ. ಕೊನೆಗೆ ಒಂದು ಸುರುಳಿ ಹಸಿರು ವೈರು ಹಾಗೇ ಮಿಕ್ಕಿರುತ್ತದೆ. ಇದೇನಪ್ಪಾ ಎಂದರೆ, ‘ಉಳೀತು ಸಾರ್, ಬಟ್ಟೆ ಒಣಹಾಕೋಕೆ ಇಟ್ಕೊಳ್ಳಿ’ ಎಂದು ಹೇಳಿ ಬೈಕ್ ಹತ್ತುತ್ತಾನೆ.

ಹಸಿರು ವೈರಿನ ಸಾಲಿಗೆ ನಾನು ಜೋರಾಗಿ ನಕ್ಕಿದ್ದೆ. ನಿಮ್ಮ ಪತ್ರ ಬಂದ ಮೇಲೆ ಅದೇ ಸಾಲನ್ನು ಮತ್ತೆ ಓದಿದೆ. ಹಸಿರು ವೈರು ಅರ್ಥಿನದು, ನೆಲಕ್ಕೆ ಹೋಗುವಂಥದ್ದು. ಅದು ಪೂರ್ತಿ ಮಿಕ್ಕಿದೆ ಅಂದರೆ ಆ ಮನೆಯಲ್ಲಿ ಅರ್ಥ್ ಇಲ್ಲ ಅಂತ ತಾನೇ? ಫ್ರಿಜ್ಜಿನ ಒಳಗೆಲ್ಲೋ ಫೇಸ್, ಅಂದರೆ ಕರೆಂಟ್ ತರುವ ವೈರು, ಬಿಚ್ಚಿಕೊಂಡು ಅದರ ಮೈಗೆ ತಗುಲಿದರೆ, ಆ ಕರೆಂಟ್ ನೆಲ ಸೇರಲು ಇದ್ದ ದಾರಿ ಅದೊಂದೇ. ಅದು ಅಂಗಳದಲ್ಲಿ ಬಟ್ಟೆ ಹೊತ್ತು ನಿಂತಿದೆ. ಇನ್ನು ಉಳಿದ ದಾರಿ ಬೆಳಿಗ್ಗೆ ಬರಿಗಾಲಲ್ಲಿ ಬಂದು ಹಾಲಿಗಾಗಿ ಫ್ರಿಜ್ಜಿನ ಬಾಗಿಲು ತೆಗೆಯುವವರು. ನಮ್ಮ ಬರಹ ಅಲ್ಲಿಗೆ ಹೋಗಲಿಲ್ಲ. ಹುಡುಗ ಬೈಕ್ ಹತ್ತಿದ ಕೂಡಲೇ ಮುಗಿದುಬಿಟ್ಟಿತು.

‘ಡಬಲ್ ಕರೆಂಟ್’ ಬಗ್ಗೆ ನೀವು ಬರೆದದ್ದು ನನಗೆ ಹೊಸ ಪಾಠ. ನಾನು ಅದನ್ನು ಲೇಖಕರು ಸುಮ್ನೆ ಹೆಣೆದ ಮಾತು ಅಂದುಕೊಂಡಿದ್ದೆ. ಎರಡೂ ತೂತಿನಲ್ಲಿ ಟೆಸ್ಟರ್ ಉರಿಯುವುದು ನಿಜವಾಗಿಯೂ ಆಗುತ್ತದೆಯಂತೆ. ಎಲ್ಲೋ ಹಿಂದೆ ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ಕಪ್ಪು ವೈರು, ಕಡಿದಿರುತ್ತದೆ. ಮನೆಯಲ್ಲಿ ಒಂದು ಫ್ಯಾನೋ ಬಲ್ಬೋ ಆನ್ ಇದ್ದರೆ ಫೇಸ್ ಅದರ ಮೂಲಕ ಹಾದು ಆ ಕಡೆಯ ನ್ಯೂಟ್ರಲ್ ವೈರಿಗೆ ಬಂದು ನಿಲ್ಲುತ್ತದೆ. ಮುಂದೆ ಹೋಗಲು ದಾರಿ ಇಲ್ಲ. ಟೆಸ್ಟರ್ ಅಲ್ಲೂ ಉರಿಯುತ್ತದೆ. ಎಲ್ಲ ಸ್ವಿಚ್ ಆಫ್ ಮಾಡಿದರೆ ಒಂದು ಕಡೆಯದು ಆರಿಹೋಗುತ್ತದೆ. ಇದು ಗೊತ್ತಿಲ್ಲದವನು ‘ಇದು ಕಪ್ಪು ವೈರು, ಏನೂ ಮಾಡಲ್ಲ’ ಎಂದು ಕೈ ಇಟ್ಟರೆ ಕಥೆ ಮುಗಿಯಿತು. ಮೂರು ಫೇಸ್ ಇರುವ ಕಟ್ಟಡದಲ್ಲಿ ಮೇನ್ ನ್ಯೂಟ್ರಲ್ಲೇ ಕಿತ್ತುಹೋದರೆ, 230 ವೋಲ್ಟಿಗೆಂದು ಮಾಡಿದ ಟಿವಿ, ಫ್ರಿಜ್ಜುಗಳಿಗೆ 400ರ ಹತ್ತಿರ ನುಗ್ಗಬಹುದು. ನಮ್ಮ ಪಕ್ಕದ ಬೀದಿಯಲ್ಲಿ ಒಂದೇ ಸಂಜೆ ಮೂರು ಮನೆಯ ಟಿವಿ ಹೋದದ್ದು ಸಿಡಿಲಿನಿಂದ ಅಂದುಕೊಂಡಿದ್ದೆವು. ಅವತ್ತು ಮಳೆಯೇ ಇರಲಿಲ್ಲ!

ಇಷ್ಟು ಒಪ್ಪಿಕೊಂಡೆ. ಆದರೆ ‘ಕರೆಂಟ್ ಬಗ್ಗೆ ಜೋಕೇ ಬೇಡ’ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂದರೆ ನಿಮ್ಮ ಪತ್ರದ ಮೂರನೇ ಪುಟದಲ್ಲೇ ನಮ್ಮ ನಗೆ ಪುಟಕ್ಕಿಂತ ಒಳ್ಳೆಯ ಜೋಕ್ ಇದೆ. ನಿಮಗೆ ಕೆಲಸ ಕಲಿಸಿದ ಮೇಸ್ತ್ರಿ ಹೇಳುತ್ತಿದ್ದರಂತೆ: ‘ಕರೆಂಟಿಗೆ ಹೊಸಬ ಹಳಬ ಅಂತ ಭೇದ ಇಲ್ಲ ಕಣೋ. ಆದರೂ ಹಳಬರನ್ನು ಕಂಡರೆ ಸ್ವಲ್ಪ ಪ್ರೀತಿ ಜಾಸ್ತಿ.’ ಹೊಸಬ ಹೆದರಿ ಹೆದರಿ ಮೇನ್ ಆಫ್ ಮಾಡುತ್ತಾನೆ. ಹಳಬ ‘ಬಿಡಪ್ಪಾ, ಎಷ್ಟು ನೋಡಿಲ್ಲ’ ಎಂದು ನೇರ ಕೈ ಹಾಕುತ್ತಾನೆ. ಆ ಜೋಕು ನಿಮಗೆ 22 ವರ್ಷ ಆದರೂ ನೆನಪಿದೆ ಅಲ್ವಾ? ಐಟಿಐ ಪುಸ್ತಕದ ಯಾವ ಪುಟ ಅಷ್ಟು ನೆನಪಿದೆ ಹೇಳಿ. ಅದೇ ಮೇಸ್ತ್ರಿ, ಅನುಮಾನ ಇದ್ದ ತಗಡನ್ನು ಅಂಗೈಯಲ್ಲಿ ಮುಟ್ಟಿದರೆ ಹುಡುಗರ ತಲೆಗೆ ಮೊಟಕುತ್ತಿದ್ದರು ಎಂದೂ ಬರೆದಿದ್ದೀರಿ. ಶಾಕ್ ಹೊಡೆದಾಗ ಬೆರಳು ಮಡಚಿಕೊಳ್ಳುತ್ತದೆ, ಹಿಡಿದದ್ದನ್ನು ಬಿಡಲು ಆಗುವುದಿಲ್ಲ. ‘ಕರೆಂಟ್ ಕೈಕುಲುಕೋಕೆ ಬಂದ್ರೆ ಬಿಡಲ್ಲ’ ಅನ್ನುತ್ತಿದ್ದರಂತೆ. (ಹಾಗಂತ ಹಿಂಗೈಯಲ್ಲಿ ಮುಟ್ಟಿ ನೋಡಬಹುದು ಅಂತ ಯಾರೂ ತಿಳಿಯಬಾರದು. ಟೆಸ್ಟರ್ ಇರುವುದು ಯಾತಕ್ಕೆ? ಅದನ್ನೂ ಮೊದಲು ಕರೆಂಟ್ ಇರುವ ಜಾಗದಲ್ಲಿ ಇಟ್ಟು, ಉರಿಯುತ್ತದೋ ಇಲ್ಲವೋ ನೋಡಿಕೊಂಡು.)

ನಮ್ಮ ಬರಹ ತಪ್ಪಿದ್ದು ಬೇರೆ ಕಡೆ. ನಗಬೇಕಾದವರನ್ನು ಬಿಟ್ಟು ಹುಡುಗನನ್ನು ನೋಡಿ ನಕ್ಕಿದೆವು. ನಗಬೇಕಾದವರಲ್ಲಿ ಒಬ್ಬನ ಕಥೆ ಹೇಳುತ್ತೇನೆ. ಅವನು ನಾನೇ.

ಏಳೆಂಟು ವರ್ಷದ ಹಿಂದೆ ನಾವಿದ್ದುದು ಒಂದು ಹಳೇ ಬಾಡಿಗೆ ಮನೆ. ಬಚ್ಚಲಿಗೆ 3 ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರ್ ತಂದೆ. ಹಾಕಲು ಬಂದ ಹುಡುಗ, ‘ಮೇನ್ ಬೋರ್ಡಿಂದ ಬೇರೆ ವೈರ್ ಎಳೀಬೇಕು ಸಾರ್’ ಎಂದ. ಎಷ್ಟಾಗುತ್ತೆ ಎಂದೆ. ಹೇಳಿದ. ಬಾಡಿಗೆ ಮನೆಗೆ ಯಾರು ಅಷ್ಟು ಹಾಕ್ತಾರೆ ಎಂದು ಮುಖ ಸಣ್ಣ ಮಾಡಿದೆ. ಅವನು ಒಂದು ನಿಮಿಷ ಸುಮ್ಮನಿದ್ದು, ‘ಹಾಗಾದ್ರೆ ಲೈಟ್ ಬೋರ್ಡಿಂದಲೇ ತಗೋತೀನಿ ಬಿಡಿ’ ಎಂದ.

ನೋಡಿ, ಅವನು ಸರಿಯಾದದ್ದನ್ನೇ ಮೊದಲು ಹೇಳಿದ್ದ. 3 ಕಿಲೋವ್ಯಾಟ್ ಅಂದರೆ 230 ವೋಲ್ಟಿಗೆ 13 ಆಂಪ್ಸ್. ಅಲ್ಲಿದ್ದದ್ದು ಲೈಟಿಗೆಂದು ಎಳೆದ 1 ಸ್ಕ್ವೇರ್ (ಚದರ ಮಿಲಿಮೀಟರ್ ದಪ್ಪದ) ವೈರು. ಗೀಸರಿಗೆ 2.5 ಆದರೂ ಬೇಕು. ಹಳೇ ವೈರಿಗೆ ಹೊಸ ವೈರು ಸುತ್ತಿ, ಕಪ್ಪು ಟೇಪ್ ಹಾಕಿ ಹೋದ. ಗೀಸರ್ ಮೊದಲನೆಯವರ ಸ್ನಾನಕ್ಕೆ ತಡೆಯುತ್ತಿತ್ತು. ಮೂರನೆಯವರ ಹೊತ್ತಿಗೆ ಎಂಸಿಬಿ (ಕರೆಂಟ್ ಜಾಸ್ತಿ ಹರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಬೀಳುತ್ತಿತ್ತು. ಮನೆಯಲ್ಲಿ ಮೂರನೆಯವನು ಯಾವಾಗಲೂ ನಾನೇ. ತಲೆಗೆ ಸೋಪ್ ಹಾಕಿಕೊಂಡು ಕತ್ತಲಲ್ಲಿ ತಣ್ಣೀರಿಗೆ ನಿಂತು ಸಾಕಾಗಿ ಅವನನ್ನು ಮತ್ತೆ ಕರೆಸಿದೆ. ‘ಇದು ಬೀಳಬಾರದು, ಏನಾದ್ರೂ ಮಾಡು’ ಎಂದೆ. 10 ಆಂಪ್ಸ್‌ನ ಎಂಸಿಬಿ ತೆಗೆದು 32ರದ್ದು ಹಾಕಿದ. ಬೀಳುವುದು ನಿಂತೇ ಹೋಯಿತು. ಖುಷಿಯಿಂದ ಕಾಫಿ ಕೊಟ್ಟು, ನೂರು ರೂಪಾಯಿ ಮೇಲೆ ಕೊಟ್ಟು ಕಳಿಸಿದೆ. ರಾತ್ರಿಯೆಲ್ಲ ಬೊಗಳುತ್ತದೆ ಎಂದು ಮನೆ ನಾಯಿಯ ಬಾಯಿ ಕಟ್ಟಿಸಿ, ಕಟ್ಟಿದವನಿಗೆ ಭಕ್ಷೀಸು ಕೊಟ್ಟ ಹಾಗೆ.

ಎರಡು ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ಬಚ್ಚಲ ಹತ್ತಿರ ಮೀನಿನ ವಾಸನೆ. ನಮ್ಮದು ಮೀನು ತಿನ್ನುವ ಮನೆಯಲ್ಲ. ಪಕ್ಕದ ಮನೆಯದಿರಬೇಕು ಎಂದು ಎರಡು ದಿನ ಕಿಟಕಿ ಮುಚ್ಚಿಕೊಂಡು ಕೂತೆವು. ಮೂರನೇ ದಿನ ಸ್ವಿಚ್ ಬೋರ್ಡ್ ಕಂದು ಬಣ್ಣಕ್ಕೆ ತಿರುಗಿತ್ತು. ಸ್ವಿಚ್ಚು, ಸಾಕೆಟ್ಟುಗಳ ಕೆಲವು ಬಗೆಯ ಪ್ಲಾಸ್ಟಿಕ್ ಬಿಸಿಯಾಗಿ ಕರಗತೊಡಗಿದರೆ ಮೀನಿನ ವಾಸನೆ ಬರುತ್ತದೆ ಎಂದು ಆಮೇಲೆ ಗೊತ್ತಾಯಿತು. ಒಳಗೆ ಸುತ್ತಿದ್ದ ಜಾಯಿಂಟ್ ಸಡಿಲವಾಗಿ, ಪ್ರತಿ ಸ್ನಾನಕ್ಕೂ ಕಾದು ಕಾದು ಸುಟ್ಟಿತ್ತು. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟಾಗುತ್ತದೆ. ಶಾಲೆಯಲ್ಲಿ ಓದಿ ನಂಬರ್ ತಗೊಂಡಿದ್ದೆ, ಬೋರ್ಡಿನ ಮುಂದೆ ನಿಂತಾಗ ನೆನಪಾಗಲಿಲ್ಲ.

ಈಗ ಹೇಳಿ, ಈ ಕಥೆಯಲ್ಲಿ ಯಾರನ್ನು ನೋಡಿ ನಗಬೇಕು? ಆ ಹುಡುಗನೂ ತಪ್ಪು ಮಾಡಿದ, ಸುಳ್ಳಲ್ಲ. ‘ಆಗಲ್ಲ’ ಎಂದು ಹೇಳಿ ಎದ್ದು ಹೋಗಬೇಕಿತ್ತು. ಆದರೆ ಎದ್ದು ಹೋಗುವ ಧೈರ್ಯ ಬರಲು ನಿಮ್ಮ ಹಾಗೆ ಪರ್ಮಿಟ್ ಇರಬೇಕು, ನಾಳೆಗೆ ಬೇರೆ ಕೆಲಸ ಇರಬೇಕು.

ನಿಯಮ ಇಲ್ಲ ಅಂತಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು 2010ರಲ್ಲಿ ಬಂದವು, 2023ರಲ್ಲಿ ಹೊಸದಾಗಿ ಬಂದವು. ಬಲ್ಬು, ಫ್ಯಾನು, ಫ್ಯೂಸು ಬದಲಿಸುವಂಥ ಚಿಲ್ಲರೆ ಕೆಲಸ ಬಿಟ್ಟು, ವೈರಿಂಗ್ ಏನಿದ್ದರೂ ಲೈಸೆನ್ಸ್ ಇರುವ ಕಂಟ್ರಾಕ್ಟರ್ ಮೂಲಕವೇ ಆಗಬೇಕು. ನಮ್ಮ ರಾಜ್ಯದಲ್ಲಿ ಆ ಲೈಸೆನ್ಸು, ಪರ್ಮಿಟ್ಟುಗಳನ್ನು ನೋಡಿಕೊಳ್ಳುವುದು ವಿದ್ಯುತ್ ಪರಿವೀಕ್ಷಣಾ ಇಲಾಖೆ. ಆದರೆ ನೀವೇ ಬರೆದಿದ್ದೀರಿ: ವೈರ್ ಎಳೆದವನು ಒಬ್ಬ, ಕಾಗದಕ್ಕೆ ಸಹಿ ಹಾಕಿದವರು ಆ ಮನೆಯ ಗೇಟೂ ನೋಡದ ಇನ್ನೊಬ್ಬರು. ಕೂಲಿ ಪಾಯಿಂಟಿಗೆ ಇಷ್ಟು ಅಂತ ಲೆಕ್ಕ. ಲೈಟ್ ಒಂದು ಪಾಯಿಂಟು, ಫ್ಯಾನ್ ಒಂದು ಪಾಯಿಂಟು. ಅರ್ಥ್ ಗುಂಡಿ ಯಾವ ಪಾಯಿಂಟೂ ಅಲ್ಲ! ನಿಮ್ಮ ಕಡೆಯ ಜಂಬಿಟ್ಟಿಗೆ ನೆಲದಲ್ಲಿ ಆಳಕ್ಕೆ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಬೇಸಿಗೆಯಲ್ಲಿ ನೀರು ಹಾಕುವುದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಹಾಗಾಗಿ ಹಸಿರು ವೈರನ್ನು ನಲ್ಲಿ ಪೈಪಿಗೆ ಸುತ್ತುತ್ತಾರೆ. ಹಿಂದೆ ಕಬ್ಬಿಣದ ಪೈಪು ನೆಲದೊಳಗೆ ಹೋಗುತ್ತಿತ್ತು, ಏನೋ ಒಂದು ಅರ್ಥ ಇತ್ತು. ಈಗ ಗೋಡೆಯಾಚೆ ಎಲ್ಲ ಪಿವಿಸಿ. ಕರೆಂಟ್ ನಲ್ಲಿಯವರೆಗೆ ಬಂದು ನಿಮ್ಮ ಕೈಗಾಗಿ ಕಾಯುತ್ತದೆ. ಇನ್ನೂ ಬುದ್ಧಿವಂತರು ಸಾಕೆಟ್ಟಿನೊಳಗೇ ನ್ಯೂಟ್ರಲ್ಲಿಗೂ ಅರ್ಥಿಗೂ ಒಂದು ತುಂಡು ವೈರು ಕೊಟ್ಟುಬಿಡುತ್ತಾರೆ. ನೋಡಿದರೆ ಅರ್ಥ್ ಇದ್ದ ಹಾಗೇ ಕಾಣುತ್ತದೆ. ನ್ಯೂಟ್ರಲ್ ಕಡಿದ ದಿನ ಇಸ್ತ್ರಿಪೆಟ್ಟಿಗೆಯ ಮೈಯೇ ಫೇಸ್.

ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋದದ್ದು 1902ರಲ್ಲಿ. ಬೆಂಗಳೂರಿನ ಬೀದಿ ದೀಪ ಉರಿದದ್ದು 1905ರಲ್ಲಿ. ಇಷ್ಟು ವರ್ಷವಾದರೂ ನಮ್ಮಂಥವರಿಗೆ ಕರೆಂಟ್ ಅಂದರೆ ಸ್ವಿಚ್ಚಿನ ಈ ಕಡೆ ಇರುವುದು ಮಾತ್ರ. ಗ್ರಾನೈಟಿಗೆ ನಾಲ್ಕು ಅಂಗಡಿ ಸುತ್ತುತ್ತೇವೆ, ಬಂದವರು ನೋಡುತ್ತಾರೆ. ಗೋಡೆಯೊಳಗೆ ಹೋಗುವ ವೈರನ್ನು ಯಾರು ನೋಡುತ್ತಾರೆ? ಅಲ್ಲಿ ಚೌಕಾಸಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ ಈಚಿನ ವರ್ಷಗಳಲ್ಲಿ ದೇಶದಲ್ಲಿ ಕರೆಂಟ್ ಹೊಡೆದು ಸಾಯುವವರು ವರ್ಷಕ್ಕೆ 10,000ಕ್ಕಿಂತ ಜಾಸ್ತಿ. ಹೊಲದ ತಂತಿ, ಪಂಪ್‌ಸೆಟ್ಟು, ಕಂಬ ಎಲ್ಲ ಸೇರಿ. ನಮ್ಮ ಬಚ್ಚಲುಗಳೂ ಅದರಲ್ಲಿವೆ.

ನಿಮ್ಮ ಪತ್ರದ ಕೊನೆಯಲ್ಲಿ ನನಗೊಂದು ಕೆಲಸ ಹೇಳಿದ್ದಿರಿ. ‘ಎಂಸಿಬಿ ಇದೆ, ಸೇಫ್’ ಅಂತ ಕೂರಬೇಡಿ, ನಿಮ್ಮ ಕಚೇರಿಯಲ್ಲಿ ಆರ್‌ಸಿಸಿಬಿ ಇದೆಯಾ ನೋಡಿ ಎಂದಿದ್ದಿರಿ. ಲೆಕ್ಕವನ್ನೂ ಕೊಟ್ಟಿದ್ದಿರಿ. ಎಂಸಿಬಿ ಕಾಯುವುದು ವೈರನ್ನು. 16 ಆಂಪ್ಸ್‌ನದ್ದು ಅಂದರೆ 16,000 ಮಿಲಿಆಂಪ್ಸ್ ದಾಟುವವರೆಗೆ ಅದು ತಲೆ ಕೆಡಿಸಿಕೊಳ್ಳುವುದಿಲ್ಲ. ಮನುಷ್ಯನ ಎದೆಬಡಿತ ಕೆಡಿಸಲು 100ರ ಆಸುಪಾಸು ಸಾಕು. ಆರ್‌ಸಿಸಿಬಿ ಜಿಪುಣ ಶಾನುಭೋಗರ ಹಾಗೆ. ಫೇಸಿನಲ್ಲಿ ಹೋದಷ್ಟು ನ್ಯೂಟ್ರಲ್ಲಿನಲ್ಲಿ ವಾಪಸ್ ಬಂತಾ ಎಂದು ನೋಡುತ್ತಲೇ ಇರುತ್ತದೆ. 30 ಮಿಲಿಆಂಪ್ಸ್ ಲೆಕ್ಕ ತಪ್ಪಿದರೆ ಅಂಗಡಿಯನ್ನೇ ಮುಚ್ಚುತ್ತದೆ. ಮಳೆಗಾಲದಲ್ಲಿ ಗೋಡೆ ತೇವ ಎಳೆದು ಅದು ಪದೇ ಪದೇ ಬಿದ್ದರೆ ಜನ ನಿಮಗೆ ಫೋನ್ ಮಾಡಿ ‘ಅದನ್ನ ತೆಗೆದು ಡೈರೆಕ್ಟ್ ಕೊಟ್ಬಿಡಿ’ ಅನ್ನುತ್ತಾರಂತೆ. ಅವರನ್ನು ಬೈಯುವ ಹಕ್ಕು ನನಗಿಲ್ಲ, 32ರ ಎಂಸಿಬಿ ಹಾಕಿಸಿಕೊಂಡವನು.

ಸರಿ, ಎದ್ದು ಹೋಗಿ ನೋಡಿದೆ. ಬಾಗಿಲ ಹಿಂದೆ, ಹಳೇ ಸಂಚಿಕೆಗಳ ಕಟ್ಟು ಸರಿಸಿದ ಮೇಲೆ ಬೋರ್ಡು ಸಿಕ್ಕಿತು. ಆರ್‌ಸಿಸಿಬಿ ಇತ್ತು. ನನಗೆ ಹೆಮ್ಮೆಯಾಯಿತು. ನೀವು ಹೇಳಿದ ಹಾಗೆ ಎಲ್ಲರಿಗೂ ಕಂಪ್ಯೂಟರಿನಲ್ಲಿ ಮಾಡುತ್ತಿದ್ದ ಕೆಲಸ ಉಳಿಸಿಕೊಳ್ಳಿ ಎಂದು ಕೂಗಿ ಹೇಳಿ, ‘ಟಿ’ ಎಂದು ಬರೆದ ಗುಂಡಿ ಒತ್ತಿದೆ. ಕರೆಂಟ್ ಹೋಗಬೇಕಿತ್ತು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದೆ. ಫ್ಯಾನ್ ಆರಾಮಾಗಿ ತಿರುಗುತ್ತಿತ್ತು. ನಮ್ಮ ಹಾಸ್ಯ ಲೇಖಕರು ಅಲ್ಲೇ ಕೂತಿದ್ದರು. ‘ಬರೀಲಾ ಸಾರ್?’ ಎಂದರು. ಬರೆಯಿರಿ, ಈ ಸಲ ಸಂಪಾದಕರ ಬಗ್ಗೆ, ಎಂದಿದ್ದೇನೆ. ಮುಂದಿನ ಸಂಚಿಕೆಯಲ್ಲಿ ಬರುತ್ತದೆ.

ನೀವು ಈ ಕಡೆ ಯಾವಾಗ ಬರುತ್ತೀರಿ? ಒಂದು ಕಾರ್ಡ್ ಹಾಕಿ. ಸಾಮಾನು ನೀವು ಹೇಳಿದ್ದೇ ತರಿಸಿಡುತ್ತೇನೆ. ಕೂಲಿ ಎಷ್ಟು ಅಂತ ಕೇಳುವುದಿಲ್ಲ.

– ಸಂಪಾದಕ