ಆ ‘ಆರು ಪಟ್ಟು’ ಎಲ್ಲಿಂದ ಬಂತು?

ನಮಸ್ಕಾರ. ಹೃದಯಾಘಾತಕ್ಕೂ ವೈರಸ್ಸಿಗೂ ಇರುವ ನಂಟಿನ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಮಳೆಗಾಲದ ಬೆಳಗ್ಗೆ ವೆನ್ಲಾಕ್ ಆಸ್ಪತ್ರೆಯಲ್ಲಿ ಜ್ವರದ ಚೀಟಿಗೆ ನಿಂತ ಸಾಲು, ಗೋಡೆಗೆ ಒರಗಿಸಿಟ್ಟ ಒದ್ದೆ ಕೊಡೆಗಳು ಚೆನ್ನಾಗಿ ಬಂದಿವೆ. ನಾಲ್ಕನೇ ಪ್ಯಾರಾಕ್ಕೆ ಬಂದಾಗ ಮಾತ್ರ ನನಗೆ ಸಿಟ್ಟೇ ಬಂತು.

‘ಜ್ವರ ಬಂದವರಿಗೆ ಹೃದಯಾಘಾತದ ಅಪಾಯ ಆರು ಪಟ್ಟು ಹೆಚ್ಚು ಎಂದು ಕೆನಡಾದಲ್ಲಿ ಸಾಬೀತಾಗಿದೆ.’

‘ಜ್ವರ ಬಂದವರು’ ಯಾರು? 2018ರಲ್ಲಿ ಪ್ರಕಟವಾದ ಕೆನಡಾದ ಒಂಟಾರಿಯೋ ಪ್ರಾಂತ್ಯದ ಆ ಅಧ್ಯಯನ ನೋಡಿದ್ದು ಲ್ಯಾಬಿನಲ್ಲಿ ಇನ್‌ಫ್ಲುಯೆಂಜಾ (ಫ್ಲೂ) ಖಚಿತವಾದವರನ್ನು, ಅದರಲ್ಲೂ 35 ವರ್ಷ ಮತ್ತು ಮೇಲಿನವರನ್ನು. ನಮ್ಮ ಮಂಗಳೂರಲ್ಲಿ ಜ್ವರ ಎಂದರೆ ಮಲೇರಿಯಾ, ಡೆಂಗಿ, ಇಲಿಜ್ವರ ಎಲ್ಲವೂ. ಮಲೇರಿಯಾ ತರುವುದು ವೈರಸ್ಸೇ ಅಲ್ಲ.

ಇನ್ನು ‘ಆರು ಪಟ್ಟು’. ಫ್ಲೂ ಪರೀಕ್ಷೆಯ ಹಿಂದಿನ ಒಂದು ವರ್ಷ, ಮುಂದಿನ ಒಂದು ವರ್ಷದಲ್ಲಿ ಹೃದಯಾಘಾತದಿಂದ ಆಸ್ಪತ್ರೆ ಸೇರಿದ ಪ್ರಕರಣಗಳು 364. ಪರೀಕ್ಷೆಯ ನಂತರದ ಮೊದಲ 7 ದಿನದಲ್ಲೇ 20. ಉಳಿದಂತೆ ವಾರಕ್ಕೆ ಸರಾಸರಿ 3.3. ಭಾಗಿಸಿ ನೋಡಿ, ಆರು ಬರುತ್ತದೆ. ಹೋಲಿಸಿದ್ದು ಅದೇ ಜನರ ಬೇರೆ ವಾರಗಳ ಜೊತೆ. ಏಳು ದಿನ ಕಳೆದ ಮೇಲೆ ಏರಿಕೆ ಕಾಣಲಿಲ್ಲ. ಲೆಕ್ಕಕ್ಕೆ ಬಂದವರೆಲ್ಲ ಆಘಾತವಾದವರೇ. ಹಾಗಾಗಿ ಫ್ಲೂ ಬಂದ ನೂರು ಜನರಲ್ಲಿ ಎಷ್ಟು ಮಂದಿಗೆ ಆಘಾತ ಎಂಬುದು ಇದರಿಂದ ತಿಳಿಯದು.

ನಾನು ಡೆಸ್ಕಿಗೆ ಹೊಸಬನಾಗಿದ್ದಾಗ ಹಿರಿಯರು ಪ್ರತಿ ಅಂಕಿಯ ಪಕ್ಕ ಮೂರು ಪ್ರಶ್ನೆ ಬರೆಸುತ್ತಿದ್ದರು: ಯಾರಲ್ಲಿ? ಎಷ್ಟು ದಿನದಲ್ಲಿ? ಯಾವುದಕ್ಕೆ ಹೋಲಿಸಿ? ಉತ್ತರವಿಲ್ಲದ ಅಂಕಿ ಅಚ್ಚಿಗೆ ಹೋಗುತ್ತಿರಲಿಲ್ಲ.

ಮುಂದಿನ ವಾಕ್ಯ ಇನ್ನೂ ಕಷ್ಟ. ‘ಹೀಗಾಗಿ ರಕ್ತನಾಳದಲ್ಲಿ ಕೊಬ್ಬು ಕಟ್ಟಲು ವೈರಸ್ಸೇ ಕಾರಣ.’ ಈ ‘ಹೀಗಾಗಿ’ಗೆ ಆಧಾರವೇ ಇಲ್ಲ. ರಕ್ತನಾಳದ ಒಳಗೋಡೆಯಲ್ಲಿ ಕಟ್ಟುವ ಕೊಬ್ಬಿನ ಗಂಟು, ಅಂದರೆ ಪ್ಲಾಕ್, ಬೆಳೆಯಲು ದಶಕಗಳು ಬೇಕು, ಏಳು ದಿನ ಸಾಲದು. ಫ್ಲೂ ಮಾಡುವುದು ಬೇರೆ ಕೆಲಸ: ಜ್ವರಕ್ಕೆ ಎದೆಬಡಿತ ಏರಿ ಹೃದಯಕ್ಕೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ, ಉರಿಯೂತದಿಂದ ಮೊದಲೇ ಇದ್ದ ಪ್ಲಾಕಿನ ತೆಳು ಹೊದಿಕೆ ಒಡೆಯಬಹುದು, ಒಡೆದಲ್ಲಿ ಪ್ಲೇಟ್‌ಲೆಟ್ ಗುಂಪುಗೂಡಿ ರಕ್ತ ಹೆಪ್ಪುಗಟ್ಟುತ್ತದೆ.

ಕೊಬ್ಬು ಕಟ್ಟುವುದರಲ್ಲೂ ವೈರಸ್ಸಿನ ಕೈವಾಡವಿದೆ ಎನ್ನಲು ಬೇರೆ ಸಾಕ್ಷ್ಯ ಬೇಕು. 1978ರಲ್ಲಿ ಮ್ಯಾರೆಕ್ಸ್ ರೋಗದ ವೈರಸ್ ತಗುಲಿಸಿದ ಕೋಳಿಗಳ ರಕ್ತನಾಳ, ಕೊಬ್ಬು ಕಟ್ಟಿದ ಮನುಷ್ಯರ ರಕ್ತನಾಳದಂತೆಯೇ ದಪ್ಪಗಟ್ಟಿತ್ತು. ಅದನ್ನು ಬರೆಯಿರಿ. ಮನುಷ್ಯರ ಪ್ಲಾಕಿನಲ್ಲಿ ಸೈಟೊಮೆಗಾಲೊವೈರಸ್ ಎಂಬ ಸಾಮಾನ್ಯ ವೈರಸ್ಸಿನ ಕುರುಹು ಸಿಕ್ಕಿದೆ ಎಂದೂ ಬರೆಯಿರಿ. ಆದರೆ ನಮ್ಮ ದೇಶದ ಹೆಚ್ಚಿನ ವಯಸ್ಕರಿಗೆ ಆ ಸೋಂಕು ಎಂದೋ ತಗುಲಿರುತ್ತದೆ, ಕುರುಹು ಸಿಕ್ಕ ಮಾತ್ರಕ್ಕೆ ಅದೇ ಕಾರಣ ಎನ್ನಲಾಗದು ಎಂಬುದನ್ನೂ ಅಲ್ಲೇ ಹೇಳಿ. ಕ್ಲಮಿಡಿಯಾ ನ್ಯುಮೋನಿಯೆ ಎಂಬ ಬ್ಯಾಕ್ಟೀರಿಯಾದ ಮೇಲೂ ಇಂಥದ್ದೇ ಗುಮಾನಿ ಇತ್ತು. ಸಾವಿರಾರು ಹೃದ್ರೋಗಿಗಳಿಗೆ ಅಜಿತ್ರೊಮೈಸಿನ್ ಎಂಬ ಆಂಟಿಬಯಾಟಿಕ್ ಕೊಟ್ಟು ನೋಡಿದರು, ಆಘಾತ ಕಡಿಮೆಯಾಗಲಿಲ್ಲ.

‘ಹೀಗಾಗಿ’ ಹೊಡೆದುಹಾಕಿ, ಕೊಬ್ಬು ಕಟ್ಟುವುದು ಒಂದು ಪ್ಯಾರಾ, ಪ್ಲಾಕ್ ಒಡೆಯುವುದು ಇನ್ನೊಂದು ಪ್ಯಾರಾ ಮಾಡಿ. ಎರಡನೆಯದರ ಕೊನೆಗೆ ಲಸಿಕೆಯ ಅಧ್ಯಯನ ಸೇರಿಸಿ: 2021ರಲ್ಲಿ ಪ್ರಕಟವಾದದ್ದು, ಹೆಚ್ಚಾಗಿ ಹೃದಯಾಘಾತವಾದವರಿಗೇ ಫ್ಲೂ ಲಸಿಕೆ ಕೊಟ್ಟದ್ದು. ಸಾವು, ಮರು ಆಘಾತ, ಸ್ಟೆಂಟಿನಲ್ಲಿ ಹೆಪ್ಪು ಮೂರೂ ಸೇರಿ ವರ್ಷದೊಳಗೆ ಲಸಿಕೆ ಪಡೆದವರಲ್ಲಿ ಶೇ 5.3, ಪಡೆಯದವರಲ್ಲಿ ಶೇ 7.2. ತಿದ್ದಿ ಕಳಿಸಿ, ಕಾಯುತ್ತೇನೆ.