ಓದುಗರ ಪ್ರಶ್ನೆ: ಹಾರುವ ಗಾಡಿಯಲ್ಲಿ ಕಂಪನಿಯವರ ಕೆಲಸ ಎಷ್ಟು?

ಪ್ರಶ್ನೆ: ಪವರ್ಡ್ ಪ್ಯಾರಾಚೂಟ್ (ಪ್ಯಾರಾಚೂಟಿಗೆ ಜೋತುಬಿದ್ದು ಎಂಜಿನ್ ಬಲದಿಂದ ಹಾರುವ ಗಾಡಿ) ಮಾಡುವ ಸಣ್ಣ ಕಂಪನಿಗಳು ಎಂಜಿನ್, ಪ್ರೊಪೆಲರ್, ಪ್ಯಾರಾಚೂಟ್ ಎಲ್ಲವನ್ನೂ ಹೊರಗಿನಿಂದಲೇ ತರಿಸುತ್ತವಂತೆ. ಮತ್ತೆ ಅವರು ಮಾಡುವುದೇನು, ಸ್ಟಿಕ್ಕರ್ ಅಂಟಿಸುವುದಾ?

ಉತ್ತರ: ಸ್ಟಿಕ್ಕರ್ರೂ ಅಂಟಿಸುತ್ತಾರೆ ಬಿಡಿ! ಆದರೆ ಗಾಡಿ ಅವರದ್ದೇ. ಪೈಪ್ ಬಗ್ಗಿಸಿ ಮಾಡಿದ ಚೌಕಟ್ಟು, ಮೂರು ಚಕ್ರ, ಸೀಟು, ಹಿಂದಿನ ಪ್ರೊಪೆಲರ್‌ಗೆ ಪ್ಯಾರಾಚೂಟಿನ ದಾರ ಸಿಕ್ಕಿಕೊಳ್ಳದಂತೆ ದುಂಡನೆಯ ಪಂಜರ. ಇದನ್ನು ಒಳ್ಳೆಯ ವೆಲ್ಡರ್ ಯಾರಾದರೂ ಮಾಡಿಯಾರು. ಕಷ್ಟ ಇರುವುದು ಗಾಡಿಯನ್ನು ಎಲ್ಲಿ ನೇತುಹಾಕಬೇಕು ಅನ್ನುವುದರಲ್ಲಿ.

ಹಾರುವಾಗ ಗಾಡಿ ಪ್ಯಾರಾಚೂಟಿನಿಂದ ಜೋತಾಡುತ್ತಿರುತ್ತದೆ, ಅಲ್ವಾ? ಕೂತವರು ದಪ್ಪಗಿದ್ದರೆ ಮೂತಿ ಕೆಳಗೆ, ಸಣಕಲಾಗಿದ್ದರೆ ಮೇಲೆ. ಹಾಗಾಗಿ ಪೈಲಟ್‌ನನ್ನು ಸೀಟಿನಲ್ಲಿ ಕೂರಿಸಿ, ಇಡೀ ಗಾಡಿಯನ್ನು ಸರಪಳಿಯಲ್ಲಿ ನೆಲದಿಂದ ಎತ್ತಿ, ಮುಂದಿನ ಚಕ್ರ ಹಿಂದಿನವುಗಳಿಗಿಂತ ಸ್ವಲ್ಪ ಮೇಲಿದೆಯಾ ಅಂತ ಅಳೆದು, ಪ್ಯಾರಾಚೂಟ್ ಸಿಕ್ಕಿಸುವ ಕೊಕ್ಕೆಯ ಜಾಗವನ್ನು ಹಿಂದೆ ಮುಂದೆ ಸರಿಸುತ್ತಾರೆ. ಪ್ರೊಪೆಲರ್ ಒಂದು ಕಡೆ ತಿರುಗಿದರೆ ಗಾಡಿ ಇನ್ನೊಂದು ಕಡೆ ವಾಲುತ್ತದೆ, ಅದಕ್ಕೂ ಲೆಕ್ಕ ಹಾಕಿರಬೇಕು. ನಿಮ್ಮ ತೂಕ ಕೇಳದೆ ಗಾಡಿ ಮಾರುವವನ ಹತ್ತಿರ ಮಾತು ಮುಂದುವರಿಸಬೇಡಿ.

ಪ್ರಶ್ನೆ: ಇಷ್ಟು ಚಿಕ್ಕ ಕಂಪನಿಗಳಿಗೆ ಹಾರುವ ಯಂತ್ರ ಮಾಡಲು ಬಿಡುವುದು ಹೇಗೆ?

ಉತ್ತರ: ಅಮೆರಿಕದ ಮಾತು ಹೇಳುತ್ತೇನೆ. ಅಲ್ಲಿ 1982ರಲ್ಲಿ ಪಾರ್ಟ್ 103 ಅನ್ನುವ ನಿಯಮ ಬಂತು. ಒಂದೇ ಸೀಟು, ಖಾಲಿ ತೂಕ 254 ಪೌಂಡ್‌ಗಿಂತ ಕಡಿಮೆ (ಸುಮಾರು 115 ಕೆಜಿ), ಇಂಧನ 5 ಗ್ಯಾಲನ್ ಮೀರಬಾರದು. ಇಷ್ಟಿದ್ದರೆ ನೋಂದಣಿ ಬೇಡ, ಹಾರಿಸುವವರಿಗೆ ಲೈಸೆನ್ಸ್ ಬೇಡ, ತಯಾರಕರಿಗೂ ಸರ್ಕಾರದಿಂದ ಯೋಗ್ಯತಾ ಪತ್ರ ಬೇಡ. ಜನವಸತಿ ಮೇಲೆ ಹಾರುವಂತಿಲ್ಲ, ಅದು ಬೇರೆ. ಸಣ್ಣವರು ಬದುಕಿರುವುದೇ ಈ ಸಡಿಲಿಕೆಯಿಂದ. ಅದರ ಇನ್ನೊಂದು ಮುಖ ಏನೆಂದರೆ, ವೆಲ್ಡಿಂಗ್ ನೋಡುವ ಇನ್ಸ್‌ಪೆಕ್ಟರ್ ನೀವೇ.

ಪ್ರಶ್ನೆ: ಮಧ್ಯದಲ್ಲಿ ಎಂಜಿನ್ ನಿಂತರೆ?

ಉತ್ತರ: ತಲೆ ಮೇಲೆ ಪ್ಯಾರಾಚೂಟ್ ಆಗಲೇ ಬಿಚ್ಚಿಕೊಂಡಿದೆಯಲ್ಲ, ಇಳಿಯುತ್ತೀರಿ. ಕೆಳಗೆ ಬಯಲಿರಬೇಕು ಅಷ್ಟೆ. ನನಗೆ ಗಾಳಿಯ ಭಯ ಜಾಸ್ತಿ. ಇದರ ವೇಗ ಗಂಟೆಗೆ ಸುಮಾರು 50 ಕಿ.ಮೀ., ಥ್ರಾಟಲ್ ಒತ್ತಿದರೆ ಮೇಲೇರುತ್ತದೆಯೇ ಹೊರತು ವೇಗ ಹೆಚ್ಚುವುದಿಲ್ಲ. ಎದುರುಗಾಳಿ ಜೋರಾದರೆ ನಿಂತಲ್ಲೇ ನಿಂತಹಾಗೆ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಒಂದು ಸಿಕ್ಕಿದೆ. ಮಾಡಿದ ಕಂಪನಿ ಮುಚ್ಚಿಹೋಗಿದೆ. ಕೊಳ್ಳಬಹುದಾ?

ಉತ್ತರ: ಎಂಜಿನ್ ಬಗ್ಗೆ ತಲೆಬಿಸಿ ಬೇಡ. ಈ ಗಾಡಿಗಳಲ್ಲಿ ಎಲ್ಲೆಲ್ಲೂ ಕಾಣುತ್ತಿದ್ದ ರೋಟಾಕ್ಸ್ 503 ತಯಾರಾಗುವುದೇ ನಿಂತು ವರ್ಷಗಳಾದವು, ಆದರೂ ಬಿಚ್ಚಿ ಜೋಡಿಸುವವರು ಇದ್ದಾರೆ. ಸಿಗದಿರುವುದು ಆ ಕಂಪನಿಯೇ ಬಗ್ಗಿಸಿದ ಪೈಪು, ಅದರದ್ದೇ ಬ್ರಾಕೆಟ್ಟು. ಅವು ಸೊಟ್ಟಗಾಗಿದ್ದರೆ ಬೇಡ.

ಆಮೇಲೆ ಬಟ್ಟೆ. ನೈಲಾನ್ ಬಿಸಿಲಿಗೆ ಸಾಯುತ್ತದೆ. ಪ್ಯಾರಾಚೂಟಿನ ಮುಂದಿನ ಬಾಯಿ ಅಗಲಿಸಿ ಒಳಗೆ ಇಣುಕಿ. ಮೇಲಿನ, ಕೆಳಗಿನ ಬಟ್ಟೆಗಳನ್ನು ಜೋಡಿಸುವ ಒಳಗಿನ ಅಡ್ಡಪಟ್ಟಿಗಳು ಬಿಸಿಲು ಕಂಡಿರುವುದಿಲ್ಲ, ಹೊಸದರಂತೆ ಇರುತ್ತವೆ. ಅದೇ ಬಣ್ಣದ ಮೇಲಿನ ಬಟ್ಟೆ ಅವುಗಳ ಪಕ್ಕ ಹಳೇ ಪರದೆಯ ಹಾಗೆ ಕಂಡರೆ, ಹೊಸ ಪ್ಯಾರಾಚೂಟಿನ ಬೆಲೆ ಕಳೆದು ಚೌಕಾಸಿ ಶುರುಮಾಡಿ.