ಮೂರಕ್ಕಿಂತ ಜಾಸ್ತಿ ಬೇಡ ಅನ್ನುವ ಡ್ರೈವರ್

ಪ್ರಶ್ನೆ: ತುಮಕೂರಿನಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ. ಮದುವೆ, ಜಾತ್ರೆಗಳನ್ನು ಲೈವ್ ಕೊಡುತ್ತೇವೆ. ಎರಡು ಕಡೆಗೆ ಲೈವ್, ಜೊತೆಗೆ ಒಂದು ರೆಕಾರ್ಡಿಂಗ್, ಇಷ್ಟು ಆರಾಮಾಗಿ ನಡೆಯುತ್ತದೆ. ಮೊನ್ನೆ ಗಂಡಿನ ಕಡೆಯವರು ತಮಗೇ ಬೇರೆ ಲಿಂಕ್ ಬೇಕು ಅಂದರು. ನಾಲ್ಕನೆಯದು ಶುರುವೇ ಆಗಲಿಲ್ಲ. ‘ಗ್ರಾಫಿಕ್ಸ್ ಕಾರ್ಡ್‌ನ ಚಿಪ್‌ಗೆ ಶಕ್ತಿ ಇದೆ, ಅದನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಬಿಡಲ್ಲ. ನೆಟ್‌ನಲ್ಲಿ ಅದನ್ನು ತಿದ್ದುವ ಪ್ಯಾಚ್ ಸಿಗುತ್ತೆ, ಹಾಕ್ಕೊಳ್ಳಿ’ ಎಂದರು ಅಂಗಡಿಯವರು. ದುಡ್ಡು ಕೊಟ್ಟು ತಂದ ಕಾರ್ಡ್‌ಗೆ ಡ್ರೈವರ್ ಹೀಗೆ ಕಡಿವಾಣ ಹಾಕುವುದು ಸರಿಯೇ? ಪ್ಯಾಚ್ ಹಾಕಬಹುದೇ? 2022ರಿಂದ ಡ್ರೈವರ್ ಅಪ್‌ಡೇಟ್ ಮಾಡಿಲ್ಲ. ನೆಟ್ಟಗಿರುವುದನ್ನು ಯಾಕೆ ಕೆದಕಬೇಕು ಅಂತ ಸುಮ್ನೆ ಬಿಟ್ಟಿದ್ದೇನೆ.

ಉತ್ತರ: ನಿಮ್ಮ ಕೊನೆಯ ಸಾಲಿನಲ್ಲೇ ಅರ್ಧ ಉತ್ತರ ಇದೆ. ಕಾರ್ಡ್ ಯಾವುದೆಂದು ಬರೆದಿಲ್ಲ, ಲಕ್ಷಣ ನೋಡಿದರೆ ಎನ್ವಿಡಿಯಾ ಕಂಪನಿಯ ಜೀಫೋರ್ಸ್ ಇರಬೇಕು. ಇವುಗಳಲ್ಲಿ ವಿಡಿಯೊ ಎನ್‌ಕೋಡ್ ಮಾಡಲೆಂದೇ (ಕಳಿಸಲು, ಉಳಿಸಲು ಆಗುವಂತೆ ಕುಗ್ಗಿಸಲೆಂದೇ) ಬೇರೆ ಭಾಗ ಇರುತ್ತದೆ. ಅದು ಏಕಕಾಲಕ್ಕೆ ಎಷ್ಟು ವಿಡಿಯೊ ಎನ್‌ಕೋಡ್ ಮಾಡಬಹುದು ಅನ್ನುವುದನ್ನು ಡ್ರೈವರ್ ಎಣಿಸುತ್ತದೆ. ಮೊದಲು ಎರಡೇ ಇತ್ತು. 2020ರಲ್ಲಿ ಮೂರಾಯಿತು, 2023ರಲ್ಲಿ ಐದು, ಆಮೇಲೆ ಎಂಟು. ಹಳೆಯ ಕಾರ್ಡ್‌ಗಳಿಗೂ ಹೊಸ ಡ್ರೈವರ್ ಹಾಕಿದ ಕೂಡಲೇ ಈ ಲೆಕ್ಕ ಸಿಕ್ಕಿತು. ಕಾರ್ಡ್ ಅದೇ, ಚಿಪ್ ಅದೇ. ಬದಲಾಗಿದ್ದು ಡ್ರೈವರ್‌ನೊಳಗಿನ ಒಂದು ಸಂಖ್ಯೆ ಮಾತ್ರ!

ಅಂದರೆ ಅಂಗಡಿಯವರು ಹೇಳಿದ್ದು ನಿಜ. ಇದು ಚಿಪ್‌ನ ಮಿತಿಯಲ್ಲ, ಮಾರಾಟದ ಮಿತಿ. ಅದೇ ಕಂಪನಿಯ ದುಬಾರಿ ವೃತ್ತಿಪರ ಕಾರ್ಡ್‌ಗಳಲ್ಲಿ ಹೆಚ್ಚಿನವಕ್ಕೆ ಈ ಎಣಿಕೆ ಇಲ್ಲ. ಎಣಿಸುವ ರೀತಿಯೂ ಒರಟು. ಮೊಬೈಲ್‌ನಲ್ಲಿ ನೋಡುವ ಪುಟ್ಟ ವಿಡಿಯೊ ಆಗಲಿ, 4ಕೆ ವಿಡಿಯೊ ಆಗಲಿ, ಲೆಕ್ಕಕ್ಕೆ ಎರಡೂ ಒಂದೊಂದೇ.

ಹಾಗಂತ ಡ್ರೈವರ್ ಮಿತಿಯೇ ಹಾಕಬಾರದು ಅಂತ ನಾನು ಹೇಳುವುದಿಲ್ಲ. ನಮ್ಮ ಕಡೆ ತೋಟದ ಬೋರ್‌ವೆಲ್ ನೋಡಿ. ಸ್ಟಾರ್ಟರ್ ಡಬ್ಬದಲ್ಲಿ ಓವರ್‌ಲೋಡ್ ರಿಲೇ ಇರುತ್ತದೆ. ಮೋಟಾರ್ ಜಾಸ್ತಿ ಕರೆಂಟ್ ಎಳೆದರೆ ಟ್ರಿಪ್ ಆಗುತ್ತದೆ. ಇದರ ಕಾಟ ಬೇಡ ಅಂತ ಬೈಪಾಸ್ ಮಾಡಿದವರು ಆಮೇಲೆ ರಿವೈಂಡಿಂಗ್ ಅಂಗಡಿಯ ಮುಂದೆ ಕೂತಿರುತ್ತಾರೆ. ಶಾಖ, ವೋಲ್ಟೇಜ್‌ಗಳಿಗೆ ಇಂಥ ತಡೆ ಬೇಕೇ ಬೇಕು. ಆದರೆ ಅದು ಕಾರ್ಡ್‌ನೊಳಗೇ ಇರಬೇಕು, ಡ್ರೈವರ್ ಒಂದನ್ನೇ ನಂಬಿ ಕೂರಬಾರದು. ಡ್ರೈವರ್ ಕೂಡ ಎಡವುತ್ತದೆ. 2010ರ ಮಾರ್ಚ್‌ನಲ್ಲಿ ಎನ್ವಿಡಿಯಾದ 196.75 ಡ್ರೈವರ್ ಹಾಕಿಕೊಂಡ ಕೆಲವರ ಕಾರ್ಡ್‌ಗಳಲ್ಲಿ ಫ್ಯಾನ್ ಬೇಕಾದಷ್ಟು ಜೋರಾಗಿ ತಿರುಗದೆ ಕಾರ್ಡ್ ಕಾದವು. ಕಂಪನಿ ಆ ಡ್ರೈವರನ್ನೇ ಹಿಂತೆಗೆದುಕೊಂಡಿತು. ವೈಫೈ ಸಿಗ್ನಲ್ ಎಷ್ಟು ಜೋರಾಗಿರಬೇಕು ಅನ್ನುವ ಮಿತಿಯೂ ಸರಿಯೇ, ಅಲ್ಲಿ ತೊಂದರೆ ಆಗುವುದು ಪಕ್ಕದ ಮನೆಯವರಿಗೆ.

ಮಾರಾಟದ ಮಿತಿ ಬೇರೆ ಮಾತು. ಅದನ್ನು ಕೊಳ್ಳುವ ಮೊದಲೇ ಹೇಳಿದರೆ ನನಗೆ ಅಷ್ಟು ತಕರಾರಿಲ್ಲ. 2021ರಲ್ಲಿ ಎನ್ವಿಡಿಯಾದ ಆರ್‌ಟಿಎಕ್ಸ್ 3060 ಕಾರ್ಡ್ ಬಂದಾಗ ಈಥೀರಿಯಂ ಮೈನಿಂಗ್ (ಕಾರ್ಡ್‌ನಿಂದ ಲೆಕ್ಕ ಮಾಡಿಸಿ ಈಥೀರಿಯಂ ಎಂಬ ಡಿಜಿಟಲ್ ಹಣ ಗಳಿಸುವ ಕೆಲಸ) ವೇಗವನ್ನು ಅರ್ಧಕ್ಕೆ ಇಳಿಸುವುದಾಗಿ ಮುಂಚೆಯೇ ಸಾರಿದ್ದರು. ಕಾರ್ಡ್‌ಗಳು ಗೇಮ್ ಆಡುವವರಿಗೆ ಸಿಗಲಿ ಅನ್ನುವುದು ಉದ್ದೇಶ. (ಮುಂದಿನ ತಿಂಗಳೇ ಆ ತಡೆ ಇಲ್ಲದ ಬೀಟಾ ಡ್ರೈವರ್ ಒಂದನ್ನು ಕಂಪನಿಯೇ ಅಚಾತುರ್ಯದಿಂದ ಹೊರಬಿಟ್ಟಿತು, ಅದು ಬಿಡಿ.) ಆದರೆ 2015ರ ಆರಂಭದಲ್ಲಿ ಆಗಿದ್ದು ನನಗೆ ಒಪ್ಪಿಗೆಯಿಲ್ಲ. ಜನ ಆಗಲೇ ಕೊಂಡು ಬಳಸುತ್ತಿದ್ದ ಲ್ಯಾಪ್‌ಟಾಪ್‌ಗಳಲ್ಲಿ ಓವರ್‌ಕ್ಲಾಕಿಂಗನ್ನು (ಚಿಪ್ಪನ್ನು ನಿಗದಿಗಿಂತ ವೇಗವಾಗಿ ಓಡಿಸುವುದನ್ನು) ಹೊಸ ಡ್ರೈವರ್ ಮೂಲಕ ಬಂದ್ ಮಾಡಿದರು. ಗಲಾಟೆಯಾದ ಮೇಲೆ ವಾಪಸ್ ಕೊಡುತ್ತೇವೆ ಎಂದರು. ಕೊಟ್ಟದ್ದನ್ನು ಅಪ್‌ಡೇಟ್ ನೆಪದಲ್ಲಿ ಕಿತ್ತುಕೊಂಡರೆ ಅಪ್‌ಡೇಟ್ ಮಾಡುವುದಕ್ಕೇ ಜನ ಹೆದರುತ್ತಾರೆ. ನಿಮ್ಮ ಹಾಗೆ, ಅಲ್ವಾ?

ಪ್ಯಾಚ್ ನಿಮಗೆ ಬೇಕಿಲ್ಲ. ಅದು ಡ್ರೈವರ್ ಫೈಲನ್ನೇ ತಿದ್ದುತ್ತದೆ. ಡ್ರೈವರ್ ಬದಲಾದಾಗಲೆಲ್ಲ ಮತ್ತೆ ಹಾಕಬೇಕು. ಎಲ್ಲಿಂದಲೋ ಇಳಿಸಿಕೊಂಡ ಫೈಲ್‌ನಲ್ಲಿ ಇನ್ನೇನು ಸೇರಿದೆಯೋ ಯಾರಿಗೆ ಗೊತ್ತು? ಕಂಪನಿಯ ತಾಣದಿಂದಲೇ ಹೊಸ ಡ್ರೈವರ್ ಹಾಕಿ, ನಾಲ್ಕನೆಯದು ತಾನಾಗಿ ತೆರೆದುಕೊಳ್ಳಬೇಕು. ಕಾರ್ಡ್ ತೀರಾ ಹಳೆಯದಾದರೆ ಹೊಸ ಡ್ರೈವರ್ ಸಿಗದೆ ಹೋಗಬಹುದು. ಆಗ ರೆಕಾರ್ಡಿಂಗನ್ನು ಪ್ರೊಸೆಸರ್‌ಗೆ ವಹಿಸಿ, ಕಾರ್ಡ್‌ನಲ್ಲಿ ಮೂರೇ ಉಳಿಯುತ್ತವೆ. ಯಾವುದೇ ಆದರೂ ಮದುವೆ ಇಲ್ಲದ ದಿನ ಮಾಡಿ. ಮೂರೂ ಲಿಂಕ್, ಜೊತೆಗೆ ರೆಕಾರ್ಡಿಂಗ್ ಹಾಕಿ ಎರಡು ಗಂಟೆ ಓಡಿಸಿ ನೋಡಿ, ಆಮೇಲೆ ಗಂಡಿನ ಕಡೆಯವರಿಗೆ ಮಾತು ಕೊಡಿ.